ಎಣ್ಣೆ: ಬದಲಾವಣೆ ಇಲ್ಲ

ಸುದ್ದಿ ಸ್ವಚ್ಛತಾ ಇಲಾಖೆಯ ಹಿರಿಯ ಶಾಯಿ ಪರೀಕ್ಷಕ ಪಂಚಾಕ್ಷರಿ ಹೂಗಾರನಿಗೆ ಕರಿದ ತಿಂಡಿ ಆಗಿಬರುತ್ತಿರಲಿಲ್ಲ. ಪಿತ್ತದ ದೇಹ. ಮಿರ್ಚಿ ಭಜಿಯನ್ನು ಕಣ್ಣಿನಿಂದ ನೋಡಬಹುದು, ಬಾಯಿಗೆ ಹಾಕುವಂತಿಲ್ಲ ಎಂದು ಡಾಕ್ಟರು ಹೇಳಿ ಹತ್ತು ವರ್ಷವಾಗಿತ್ತು. ಈ ಒಂದು ಪಥ್ಯದಿಂದಾಗಿ ಇಡೀ ಸಿಂಗನಗಡಿಗೆ ಗೊತ್ತಿದ್ದ ಗುಟ್ಟು ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಅವನಿಗೆ. ಅವನೇ ಆ ಗುಟ್ಟಿನ ಮೂಲಪುರುಷ ಎಂಬುದು ಬೇರೆ ಮಾತು.

ವಿವೇಕ ಶಾಯಿ ಬರುವ ಮುಂಚೆ ಸರ್ಕಾರಕ್ಕೆ ಪತ್ರಿಕೆಗಳ ಕಾಟ ಬಹಳವಿತ್ತು. ಸಂಪಾದಕರನ್ನು ಹಿಡಿದು ಒಳಗೆ ಹಾಕಬೇಕು, ಹಾಕಿದ ಮೇಲೆ ಊಟ ಹಾಕಬೇಕು, ಹೊರದೇಶದವರು ಕೇಳಿದರೆ ಉತ್ತರ ಹೇಳಬೇಕು. ಪರಮ ಪೋಷಕರು ಎಂದು ಕರೆಸಿಕೊಳ್ಳುತ್ತಿದ್ದ ನಾಡಿನ ಒಡೆಯರಿಗೆ ಇದೆಲ್ಲ ಬೇಸರ ತಂದಿತ್ತು. ಆಗ ರಾಜಧಾನಿಯ ವಿಜ್ಞಾನಿಗಳು ಈ ಶಾಯಿಯನ್ನು ಕಂಡುಹಿಡಿದರು. ಇದರ ಒಂದೊಂದು ಕಣವೂ ಮೇಣದ ಚಿಪ್ಪಿನಲ್ಲಿ ಕೂತ ಕಪ್ಪು ಚುಕ್ಕೆ. ಊರಿನ ಗೋಪುರದಿಂದ ಸಂಕೇತ ಬಂತೆಂದರೆ ಚಿಪ್ಪು ಹಾಲಿನ ಬಣ್ಣಕ್ಕೆ ತಿರುಗಿ ಒಳಗಿನ ಕಪ್ಪನ್ನು ಮುಚ್ಚುತ್ತದೆ. ಪತ್ರಿಕೆಯ ಒಂದು ಪ್ರತಿ ಬೆಳಗಿನ ಜಾವ ಇಲಾಖೆಗೆ ಬರುತ್ತದೆ. ನಿಯಂತ್ರಣ ಕೊಠಡಿಯ ನೌಕರ ಪರದೆಯ ಮೇಲೆ ಬೇಡದ ಸಾಲುಗಳಿಗೆ ಗೆರೆ ಹಾಕಿ ಗುಂಡಿ ಒತ್ತುತ್ತಾನೆ. ಏಳು ನಿಮಿಷದಲ್ಲಿ ಊರಿನ ಎಲ್ಲ ಪ್ರತಿಗಳಲ್ಲೂ ಆ ಸಾಲುಗಳು ಬೆಳ್ಳಗಾಗುತ್ತವೆ.

ಹೀಗಾಗಿ ನಾಡಿನಲ್ಲಿ ಪತ್ರಿಕಾ ಸ್ವಾತಂತ್ರ್ಯ ಪೂರ್ತಿಯಾಗಿ ಜಾರಿಗೆ ಬಂತು. ಯಾರು ಏನನ್ನು ಬೇಕಾದರೂ ಅಚ್ಚು ಹಾಕಬಹುದು. ಓದುವ ಸ್ವಾತಂತ್ರ್ಯದ ಬಗ್ಗೆ ಸಂವಿಧಾನದಲ್ಲಿ ಏನೂ ಬರೆದಿರಲಿಲ್ಲವಾದ್ದರಿಂದ ಅದರ ಗೊಡವೆಗೆ ಯಾರೂ ಹೋಗಲಿಲ್ಲ.

ಜನ ಎಂಥದ್ದಕ್ಕೂ ಹೊಂದಿಕೊಳ್ಳುತ್ತಾರೆ. ಮಕ್ಕಳು ಪೇಪರಿನ ಖಾಲಿ ಜಾಗದಲ್ಲಿ ಮಗ್ಗಿ ಬರೆದರು, ಹೆಂಗಸರು ರಂಗೋಲಿಯ ಚುಕ್ಕೆ ಇಟ್ಟು ನೋಡಿದರು. ಮುದುಕರು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, "ಇವತ್ತು ಬಾಳ ಬೆಳ್ಳಗ ಬಂದೈತಿ. ಎಲ್ಲೋ ದೊಡ್ಡದು ಏನೋ ಆಗೈತಿ" ಎಂದು ತಲೆ ಆಡಿಸಿದರು. ಊರಿನ ಏಕೈಕ ಪತ್ರಿಕೆ 'ಊರದನಿ'ಯ ಸಂಪಾದಕ ಮಕ್ತುಂಸಾಬ ನದಾಫ ಮಾತ್ರ ಏನೂ ಆಗಿಲ್ಲವೆಂಬಂತೆ ಒಂಬತ್ತು ವರ್ಷದಿಂದ ದಿನವೂ ನಾಲ್ಕು ಪುಟ ತುಂಬ ಸುದ್ದಿ ಬರೆಯುತ್ತಿದ್ದ. ಪಂಚಾಕ್ಷರಿ ದಿನವೂ ಅದರಲ್ಲಿ ಮೂರು ಪುಟ ಅಳಿಸುತ್ತಿದ್ದ. ಇಬ್ಬರೂ ಸಂತೆಯಲ್ಲಿ ಎದುರಾದರೆ ನಮಸ್ಕಾರ ಮಾಡುತ್ತಿದ್ದರು.

ಇಷ್ಟು ಸುಸೂತ್ರವಾಗಿ ನಡೆದಿದ್ದ ಕೆಲಸಕ್ಕೆ ಕಲ್ಲು ಬಿದ್ದದ್ದು ಇಲಾಖೆಯ ನಿರ್ದೇಶಕಿ ಮಂದಾಕಿನಿ ಇನಾಮದಾರ ಒಂದು ದಿನ ಅವನನ್ನು ಕರೆಸಿದಾಗ. ಇನಾಮದಾರ ಮೇಡಂ ರಾಜಧಾನಿಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಮಧ್ಯಾಹ್ನ ಡಬ್ಬಿಯ ಮೊಸರನ್ನ ಬಿಟ್ಟು ಬೇರೇನೂ ತಿನ್ನುವವರಲ್ಲ.

"ಹೂಗಾರ, ಈ ಊರಿನ ಮಂದಿಗೆ ಎಲ್ಲಾ ಗೊತ್ತಾಗಲಿಕ್ಕೆ ಹತ್ತೇದ. ಹೊಸ ಸೇತುವೆ ಬಿದ್ದದ್ದು ಗೊತ್ತದ. ಅಕ್ಕಿ ಗೋದಾಮಿನ್ಯಾಗ ಹೆಗ್ಗಣ ಎಷ್ಟು ತಿಂತು, ಮಂತ್ರಿಗಳು ಎಷ್ಟು ತಿಂದರು ಅನ್ನೋದೂ ಗೊತ್ತದ. ಆದರ ಎಲ್ಲಾ ಹದಿನೈದು ದಿನ ತಡಾ ಆಗಿ ಗೊತ್ತಾಗ್ತದ. ಯಾಕ? ಹುಡುಕರಿ."

ಪಂಚಾಕ್ಷರಿ ಒಂದು ವಾರ ಹುಡುಕಿದ. ಗೋಪುರ ನೋಡಿದ, ಗುಂಡಿ ನೋಡಿದ, ಪ್ರಯೋಗಾಲಯದಲ್ಲಿ ಪೇಪರನ್ನು ನೀರಿನಲ್ಲಿ ನೆನೆಸಿದ, ಬಿಸಿಲಿಗೆ ಹಾಕಿದ, ಆಮ್ಲ ಸುರಿದ. ಬೆಳ್ಳಗಾದದ್ದು ಬೆಳ್ಳಗೇ ಇತ್ತು.

ಎಂಟನೆಯ ದಿನ ಸಂಜೆ ಮನೆಗೆ ಬಂದರೆ ಹೆಂಡತಿ ಶಶಿಕಲಾ ಮತ್ತು ಏಳು ವರ್ಷದ ಮಗಳು ತುಂಗಾ ಪಡಸಾಲೆಯಲ್ಲಿ ಭಜಿ ತಿನ್ನುತ್ತ ಕೂತಿದ್ದರು. ಬಸ್ ಸ್ಟ್ಯಾಂಡಿನ ಫಕೀರವ್ವನ ಅಂಗಡಿಯ ಮಿರ್ಚಿ, ಹಳೇ ಪೇಪರಿನಲ್ಲಿ ಕಟ್ಟಿದ್ದು. ಶಶಿಕಲಾ ಭಜಿ ತಿಂದು ಮುಗಿಸಿ ಎಣ್ಣೆ ಹತ್ತಿದ ಹಾಳೆಯನ್ನು ದೀಪಕ್ಕೆ ಹಿಡಿದು ಓದುತ್ತಿದ್ದಳು. ಪಂಚಾಕ್ಷರಿ ಸುಮ್ಮನೆ ಇಣುಕಿ ನೋಡಿದ. ಸರಿಯಾಗಿ ಹದಿನೈದು ದಿನದ ಹಿಂದೆ ಅವನೇ ಗೆರೆ ಹಾಕಿ ಅಳಿಸಿದ್ದ ಸಾಲುಗಳು, ಎಣ್ಣೆ ಹತ್ತಿದಲ್ಲೆಲ್ಲ ಇರುವೆ ಸಾಲಿನಂತೆ ಕರ್ರಗೆ ಎದ್ದು ನಿಂತಿದ್ದವು.

"ಇದು... ಇದು ಯಾವಾಗಿಂದ?"

"ಎರಡು ವರ್ಷ ಆತು ನೋಡ್ರಿ" ಎಂದಳು ಶಶಿಕಲಾ. "ಎಲ್ಲಾರಿಗೂ ಗೊತ್ತೈತಿ. ಶಾಯಿ ಹಳೇದಾದಂಗ ಅದಕ್ಕ ಸುಸ್ತಾಗತೈತಿ, ಆಮ್ಯಾಲ ಖರೇ ಹೇಳತೈತಿ ಅಂತಾರ ಮಂದಿ. ಹೊಸಾ ಪೇಪರ್ ಹೇಳಂಗಿಲ್ಲ, ಹಳೇದ ಆಗಬೇಕು. ನಿಮಗೂ ಗೊತ್ತಿರಬೇಕು ಬಿಡು ಅಂತ ಸುಮ್ಮನಿದ್ದೆ."

ಪಂಚಾಕ್ಷರಿ ವಿಜ್ಞಾನ ಓದಿದವನು. ಶಾಯಿಗೆ ಸುಸ್ತಾಗುವುದಿಲ್ಲ ಎಂದು ಅವನಿಗೆ ಗೊತ್ತು. ಅಡುಗೆಮನೆಗೆ ನುಗ್ಗಿ ಬಾಣಲೆ ಇಟ್ಟು, ಎಣ್ಣೆ ಕಾಯಿಸಿ, ಅಂದಿನ 'ಊರದನಿ'ಯ ಮೇಲೆ ಒಂದು ಸೌಟು ಸುರಿದ.

"ಅಯ್ಯ, ಪೇಪರ್ ಕರೀತೀರೇನು? ಉಪ್ಪು ಖಾರ ಹಾಕಲೇನು?" ಎಂದು ಶಶಿಕಲಾ ಬಾಗಿಲಲ್ಲಿ ನಿಂತು ನಕ್ಕಳು.

ಅಂದು ಬೆಳಿಗ್ಗೆ ಅಳಿಸಿದ್ದ ಸುದ್ದಿ ಅರೆನಿಮಿಷದಲ್ಲಿ ಮೂಡಿತು. ಬಿಸಿ ಎಣ್ಣೆಗೆ ಮೇಣದ ಚಿಪ್ಪು ಕರಗಿ ಕಪ್ಪು ಹೊರಬರುತ್ತಿತ್ತು. ಹೊಸ ಪೇಪರೇ ಆಗಲಿ, ಹಳೆಯದೇ ಆಗಲಿ, ಎಣ್ಣೆಗೆ ಭೇದವಿಲ್ಲ. ಆದರೆ ಆ ಊರಿನಲ್ಲಿ ಅಂದಿನ ಪೇಪರಿನಲ್ಲಿ ಭಜಿ ಕಟ್ಟುವ ಪದ್ಧತಿ ಇಲ್ಲ. ಪೇಪರು ಮನೆಯಲ್ಲಿ ಹದಿನೈದು ದಿನ ಕೂಡಿ, ರದ್ದಿಯವನ ತಕ್ಕಡಿ ಹತ್ತಿ ಇಳಿದು, ಆಮೇಲೆ ಫಕೀರವ್ವನ ಅಂಗಡಿ ಸೇರಬೇಕು. ಸತ್ಯವೂ ಅಷ್ಟೇ ದಿನ ತೆಗೆದುಕೊಂಡು ಅದೇ ದಾರಿಯಲ್ಲಿ ಬರುತ್ತಿತ್ತು.

ಇದು ತಿಳಿದು ಪಂಚಾಕ್ಷರಿಗೆ ಸಂತೋಷವಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಶಾಯಿಯ ಪರೀಕ್ಷಾ ಪತ್ರ ಬರೆದವನು ಅವನೇ. ನೀರು, ಹಾಲು, ಚಹ, ಬಿಸಿಲು ಎಲ್ಲ ಮುಗಿಸಿ 'ಎಣ್ಣೆ' ಎಂಬ ಸಾಲಿಗೆ ಬಂದಾಗ ಗಡಿಯಾರ ಐದೂವರೆ ತೋರಿಸುತ್ತಿತ್ತು. ಎಣ್ಣೆ ತರಿಸಬೇಕಾದರೆ ಮೂರು ಅರ್ಜಿ ಹಾಕಬೇಕು. ಅವನು ತಲೆಗೆ ಹಚ್ಚಿದ್ದ ಕೊಬ್ಬರಿ ಎಣ್ಣೆಯನ್ನೇ ಬೆರಳಿಂದ ಒರೆಸಿ ಪೇಪರಿಗೆ ತಿಕ್ಕಿ, 'ಎಣ್ಣೆ: ಬದಲಾವಣೆ ಇಲ್ಲ' ಎಂದು ಬರೆದು ಸಹಿ ಹಾಕಿ ಬಸ್ಸು ಹಿಡಿದಿದ್ದ. ಈಗ ಇದು ಹೊರಬಿದ್ದರೆ ಕೆಲಸ ಹೋಗುತ್ತದೆ, ಹನ್ನೆರಡು ವರ್ಷ ಜೈಲು ಬರುತ್ತದೆ.

ಆದ್ದರಿಂದ ಪಂಚಾಕ್ಷರಿ ಪ್ರಾಣಭಯದಿಂದ ನಾಡಿನ ಪತ್ರಿಕಾ ಸ್ವಾತಂತ್ರ್ಯವನ್ನು ಕಾಪಾಡಲು ನಿಂತ. ನಲವತ್ತೆರಡು ಪುಟದ ವರದಿ ಬರೆದ. ಶಾಯಿಯಲ್ಲಿ ಯಾವ ದೋಷವೂ ಇಲ್ಲ, ಜನ ಕ್ಷೌರದಂಗಡಿಯಲ್ಲಿ ಕೂತು ಊಹಿಸುತ್ತಾರೆ, ಊಹೆ ಹಣ್ಣಾಗಲು ಹದಿನೈದು ದಿನ ಬೇಕಾಗುತ್ತದೆ ಎಂದು ಸಾಧಿಸಿದ. ಇಲಾಖೆ ಕ್ಷೌರದಂಗಡಿಗಳಲ್ಲಿ ಮಾತು ನಿಷೇಧಿಸಿತು. ಒಂದು ತಿಂಗಳು ಸಿಂಗನಗಡಿಯ ಗಂಡಸರು ಮೂಕರಂತೆ ಕೂತು ತಪ್ಪು ತಪ್ಪಾಗಿ ಕೂದಲು ಕತ್ತರಿಸಿಕೊಂಡು ಬಂದರು. ಪಂಚಾಕ್ಷರಿಗೆ ಮೆಚ್ಚುಗೆ ಪತ್ರ ಸಿಕ್ಕಿತು.

ಹೀಗೇ ನಡೆದು ಹೋಗುತ್ತಿತ್ತೇನೋ. ಆದರೆ ಊರಿಗೆ ಹೊಸ ನೀರಿನ ಟಾಕಿ ಬಂತು.

ಒಂದು ಶನಿವಾರ ಬೆಳಿಗ್ಗೆ ಪಂಚಾಕ್ಷರಿಯ ಪರದೆಯ ಮೇಲೆ 'ಊರದನಿ'ಯ ಮೊದಲ ಪುಟ ತೆರೆಯಿತು. ಹೊಸ ಟಾಕಿಯ ಒಳಗೋಡೆಗೆ ಸೀಸ ಬೆರೆತ ಅಗ್ಗದ ಬಣ್ಣ ಬಳಿದಿದ್ದಾರೆ, ಪ್ರಾಯೋಗಿಕವಾಗಿ ನೀರು ಬಿಟ್ಟ ನಾಲ್ಕನೇ ವಾರ್ಡಿನಲ್ಲಿ ಆರು ಮಕ್ಕಳು ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದ್ದಾರೆ, ನೀರಿನ ಪರೀಕ್ಷೆಯ ಫಲಿತಾಂಶ ಇಲ್ಲಿದೆ ಎಂದು ಮಕ್ತುಂಸಾಬ ಅಂಕಿಸಂಖ್ಯೆ ಸಮೇತ ಬರೆದಿದ್ದ. ಪಕ್ಕದಲ್ಲೇ ಸರ್ಕಾರಿ ಜಾಹೀರಾತು: ನಾಳೆ ಭಾನುವಾರ ಪರಮ ಪೋಷಕರಿಂದ ಟಾಕಿಯ ಉದ್ಘಾಟನೆ, ಹನ್ನೆರಡು ಶಾಲಾ ಬಾಲಕಿಯರಿಂದ ವೇದಿಕೆಯ ಮೇಲೆ ಮೊದಲ ಲೋಟ ನೀರಿನ ಸೇವನೆ.

ಹನ್ನೆರಡು ಬಾಲಕಿಯರಲ್ಲಿ ತುಂಗಾ ಒಬ್ಬಳು. ಒಂದು ವಾರದಿಂದ ಅವಳು ಮನೆಯಲ್ಲಿ ಲೋಟ ಹಿಡಿದು ನಗುತ್ತ ಕುಡಿಯುವ ಅಭ್ಯಾಸ ಮಾಡುತ್ತಿದ್ದಳು.

ಪಂಚಾಕ್ಷರಿಯ ಬೆನ್ನ ಹಿಂದೆ ಮೇಲ್ವಿಚಾರಕ ನಿಂತಿದ್ದ. ಪಂಚಾಕ್ಷರಿ ಗೆರೆ ಹಾಕಿದ, ಗುಂಡಿ ಒತ್ತಿದ. ಸುದ್ದಿ ಬೆಳ್ಳಗಾಯಿತು. ಅವನಿಗೆ ತನ್ನ ಮೇಲೆ ಎಂದೂ ಇಲ್ಲದಷ್ಟು ಹೇಸಿಗೆಯಾಯಿತು. ತಲೆನೋವೆಂದು ಹೇಳಿ ರಜೆ ಬರೆದುಕೊಟ್ಟು ಮನೆಗೆ ಬಂದ.

"ತುಂಗಾಗ ನಾಳೆ ಜ್ವರ ಅಂತ ಹೇಳಿ ಮನ್ಯಾಗ ಇಟಗೊಳ್ಳೂಣು" ಎಂದು ವಿಷಯ ತಿಳಿಸಿದ.

ಶಶಿಕಲಾ ಅವನನ್ನೇ ನೋಡಿದಳು. "ನಮ್ಮ ಹುಡುಗಿಗೆ ಜ್ವರ. ಉಳದ ಹನ್ನೊಂದು ಹುಡುಗ್ಯಾರಿಗೆ? ಊರ ಮಂದಿಗೆಲ್ಲಾ ಜ್ವರ ಅಂತ ಚೀಟಿ ಬರೀತೀರೇನು?"

"ಹದಿನೈದು ದಿನದಾಗ ಎಲ್ಲಾರಿಗೂ ಗೊತ್ತ ಆಗತೈತಲ್ಲ."

"ಅಷ್ಟರಾಗ ಯಾರು ಇರತಾರೋ ಯಾರು ಇಲ್ಲೋ. ಹೊಸಾ ಪೇಪರಿಗೂ ಎಣ್ಣಿ ನಡೀತೈತಿ ಅನ್ನೋದು ನಿಮಗ ಗೊತ್ತೈತಿ. ಮಂದಿಗೆ ಗೊತ್ತಿಲ್ಲ."

ಅವಳು ಜಗಳ ತೆಗೆದಿದ್ದರೆ ಅವನಿಗೆ ಸುಲಭವಿತ್ತು, ತಿರುಗಿ ಜಗಳಾಡಿ ಮಲಗಬಹುದಿತ್ತು. ಅವಳು ಅಷ್ಟು ಹೇಳಿ ತುಂಗಾಳ ಹೊಸ ಫ್ರಾಕಿಗೆ ಇಸ್ತ್ರಿ ಹಾಕಲು ಹೋದಳು. ಪಂಚಾಕ್ಷರಿ ಎದ್ದು ಚಪ್ಪಲಿ ಮೆಟ್ಟಿದ.

ಮಕ್ತುಂಸಾಬ ತನ್ನ ಅಚ್ಚುಮನೆಯಲ್ಲಿ ಮಾರಾಟವಾಗದ ಬಿಳಿ ಪತ್ರಿಕೆಗಳ ನಡುವೆ ಕೂತು ಮರುದಿನದ ಸುದ್ದಿ ಬರೆಯುತ್ತಿದ್ದ.

"ಸಾಬ್ರ, ಇವತ್ತಿನ ಪೇಪರ್ ಐನೂರು ಪ್ರತಿ ಬೇಕಾಗಿತ್ತು."

ಸಾಬ ಕನ್ನಡಕ ತೆಗೆದ. "ಒಂಬತ್ತು ವರ್ಷದಾಗ ನಿಮ್ಮ ಇಲಾಖೆ ಮೊದಲನೇ ಸಲ ನನ್ನ ಪೇಪರ್ ಕೊಳ್ಳಾಕತ್ತೈತಿ. ಸುಡಾಕ ಏನ್ರಿ?"

"ಇಲ್ರಿ. ಓದಾಕ."

ಸಾಬ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಕಪಾಟಿನಿಂದ ಸುತಳಿ ದಾರ ತೆಗೆದು ಮುದುಕ ತಾನೇ ಕಟ್ಟು ಕಟ್ಟಿಕೊಟ್ಟ.

ಉದ್ಘಾಟನೆಗೆ ಟ್ರ್ಯಾಕ್ಟರಿನಲ್ಲಿ ಕರೆತರುವ ಐನೂರು ಜನಕ್ಕೆ ತಲಾ ಎರಡು ಮಿರ್ಚಿಯ ಪೊಟ್ಟಣ ಕೊಡುವ ಕೆಲಸವನ್ನು ಇಲಾಖೆಯೇ ಫಕೀರವ್ವನಿಗೆ ವಹಿಸಿತ್ತು. ಪಂಚಾಕ್ಷರಿ ಅವಳ ಮುಂದೆ ಕಟ್ಟು ಇಳಿಸಿದ. ಅವಳು ಮೇಲಿನ ಹಾಳೆಯ ತಾರೀಖು ನೋಡಿ ಹಿಂದೆ ಸರಿದಳು.

"ಇದು ಇವತ್ತಿನ ಪೇಪರ್ ಐತ್ರಿ. ಯಾರೂ ಓದಿರಂಗಿಲ್ಲ, ಏನಿಲ್ಲ. ಓದಲಾರದ ಪೇಪರಿನ್ಯಾಗ ಕಟ್ಟಿದರ ಸರಸ್ವತಿ ಸಿಟ್ಟಾಗತಾಳ. ನಮ್ಮ ಅವ್ವನ ಕಾಲದಿಂದ ನಾವು ಹಂಗ ಮಾಡಿಲ್ಲ."

"ಅದರಾಗ ಓದಾಕ ಏನೂ ಇಲ್ಲವ್ವಾ. ಬೆಳಿಗ್ಗೆ ಎಲ್ಲಾ ನಾನ ಅಳಿಸೀನಿ."

"ಹಂಗಾದರ ಹದಿನೈದು ದಿನ ಬಿಟ್ಟು ತರ್ರಿ. ಹಳೇದಾಗಲಿ."

ಪಂಚಾಕ್ಷರಿ ಸುತ್ತ ನೋಡಿ, ಒಂದು ಹಾಳೆ ಹರಿದು, ಆಗಷ್ಟೇ ಬಾಣಲೆಯಿಂದ ತೆಗೆದ ಮಿರ್ಚಿಯನ್ನು ಅದರ ಮೇಲಿಟ್ಟ. ಎಣ್ಣೆ ಹರಡಿತು. ಫಕೀರವ್ವ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ನಾಲ್ಕನೇ ವಾರ್ಡು' ಎಂಬಲ್ಲಿಗೆ ಬಂದು ನಿಲ್ಲಿಸಿದಳು. ಅವಳ ಮನೆ ನಾಲ್ಕನೇ ವಾರ್ಡಿನಲ್ಲೇ ಇತ್ತು.

"ಹಿಟ್ಟು ತುಸು ಜಾಸ್ತಿ ಕಲಸ್ತೀನಿ. ಬಿಸಿಬಿಸಿ ಇರಬೇಕು ಹೌದಿಲ್ಲೋ? ಅಲ್ಲೇ ಮಂಟಪದ ಹಿಂದ ಒಲಿ ಹೂಡತೀನಿ" ಎಂದಳು.

ಭಾನುವಾರ ಹನ್ನೊಂದಕ್ಕೆ ಪರಮ ಪೋಷಕರು ಬಂದರು. ಐನೂರು ಪೊಟ್ಟಣ ಸಿದ್ಧವಾಗಿದ್ದವು, ಪ್ರತಿಯೊಂದೂ ಮೊದಲ ಪುಟದಲ್ಲಿ ಕಟ್ಟಿದ್ದು. ಆಗ ಪಂಚಾಕ್ಷರಿಗೆ ತಾನು ಮರೆತಿದ್ದ ಒಂದು ಸಂಗತಿ ನೆನಪಾಯಿತು. ಸರ್ಕಾರಿ ಸಭೆಗಳಲ್ಲಿ ಪೊಟ್ಟಣ ಹಂಚುವುದು ಕಾರ್ಯಕ್ರಮ ಮುಗಿದ ಮೇಲೆ. ಮೊದಲೇ ಕೊಟ್ಟರೆ ಜನ ತಿಂದು ಎದ್ದುಹೋಗುತ್ತಾರೆಂದು ಇಲಾಖೆಗೆ ಅನುಭವವಿತ್ತು. ಅಂದರೆ ಹನ್ನೆರಡು ಹುಡುಗಿಯರು ನೀರು ಕುಡಿದ ಮೇಲೆ ಊರಿಗೆ ಸುದ್ದಿ ಸಿಗುತ್ತದೆ. ವೇದಿಕೆಯ ಮೇಲೆ ತುಂಗಾ ಇಸ್ತ್ರಿ ಹಾಕಿದ ಫ್ರಾಕು ತೊಟ್ಟು, ತುಂಬಿದ ಲೋಟ ಹಿಡಿದು ಎರಡನೆಯವಳಾಗಿ ನಿಂತಿದ್ದಳು.

ಅವನನ್ನು ಉಳಿಸಿದ್ದು ಪರಮ ಪೋಷಕರ ಭಾಷಣ. ಒಂದು ತಾಸು ದಾಟಿದರೂ ಅವರು ತಮ್ಮ ಬಾಲ್ಯದಲ್ಲೇ ಇದ್ದರು. ಬಿಸಿಲಿಗೆ ಜನ ಕೊಸರಾಡಿದರು, ಹಿಂದಿನ ಸಾಲಿನವರು ಟ್ರ್ಯಾಕ್ಟರಿನ ಕಡೆ ನಡೆಯತೊಡಗಿದರು. ಪಂಚಾಕ್ಷರಿ ಇನಾಮದಾರ ಮೇಡಂ ಕಿವಿಯ ಬಳಿ ಬಗ್ಗಿದ.

"ಮೇಡಂ, ಮಂದಿ ಹೊಂಟಾರ. ಕ್ಯಾಮೆರಾದಾಗ ಖಾಲಿ ಕುರ್ಚಿ ಬರತಾವ. ಪೊಟ್ಟಣ ಈಗ ಹಂಚಿಬಿಡೂಣೇನ್ರಿ?"

"ಹಂಚರಿ, ಹಂಚರಿ, ಲಗೂನ ಹಂಚರಿ!" ಎಂದರು ಮೇಡಂ ಗಾಬರಿಯಿಂದ.

ಹಂಚಿದರು. ಜನ ಮರಳಿ ಕೂತರು. ಸ್ವಲ್ಪ ಹೊತ್ತು ಮಂಟಪದ ತುಂಬ ಬರೀ ಅಗಿಯುವ ಸದ್ದು. ಆಮೇಲೆ ಪೇಪರ್ ಬಿಡಿಸುವ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಎಂದಿನಂತೆ ಹದಿನೈದು ದಿನದ ಹಿಂದಿನದೆಂದು ಓದತೊಡಗಿದವರು ಮೇಲೆ ನಿನ್ನೆಯ ತಾರೀಖು ಕಂಡು ಪಕ್ಕದವರಿಗೆ ತೋರಿಸಿದರು.

"ಈಗ ನಮ್ಮ ಪುಟಾಣಿಗಳು ಈ ಅಮೃತವನ್ನು ಸೇವಿಸುತ್ತಾರೆ" ಎಂದರು ಪರಮ ಪೋಷಕರು.

ಮುಂದಿನ ಸಾಲಿನಿಂದ ಶಶಿಕಲಾ ಎದ್ದಳು. ಅವಳ ಹಿಂದೆ ಮತ್ತೊಬ್ಬ ತಾಯಿ, ಮತ್ತೊಬ್ಬಳು. ಯಾರೂ ಘೋಷಣೆ ಕೂಗಲಿಲ್ಲ. ಸೀರೆ ಸೆರಗಿಗೆ ಎಣ್ಣೆಗೈ ಒರೆಸಿಕೊಂಡು ವೇದಿಕೆ ಹತ್ತಿ, ತಮ್ಮ ತಮ್ಮ ಮಕ್ಕಳ ಕೈಯಿಂದ ಲೋಟ ಇಸಿದುಕೊಂಡು, ನೀರನ್ನು ಅಲಂಕಾರಕ್ಕಿಟ್ಟಿದ್ದ ಹೂವಿನ ಕುಂಡಗಳಿಗೆ ಸುರಿದು, ಮಕ್ಕಳನ್ನು ಕೆಳಗೆ ಕರೆದುಕೊಂಡು ಬಂದರು. "ನಾನು ಇನ್ನೂ ಕುಡದೇ ಇಲ್ಲ!" ಎಂದು ತುಂಗಾ ಅಳುತ್ತ ಬಂದಳು. ಅಷ್ಟು ಚೆಂದದ ಅಳುವನ್ನು ಪಂಚಾಕ್ಷರಿ ಜನ್ಮದಲ್ಲಿ ಕೇಳಿರಲಿಲ್ಲ.

ಪರಮ ಪೋಷಕರಿಗೆ ಏನೂ ಅರ್ಥವಾಗಲಿಲ್ಲ. ಅವರಿಗೆ ಭಾಷಣದ ನಡುವೆ ಮೆಲ್ಲಲು ಮಿರ್ಚಿಯನ್ನು ಪಿಂಗಾಣಿ ತಟ್ಟೆಯಲ್ಲಿ ಕೊಟ್ಟಿದ್ದರು, ಹಾಗಾಗಿ ನಾಡಿನಲ್ಲಿ ಸುದ್ದಿ ಸಿಗದವರೆಂದರೆ ಅವರೊಬ್ಬರೇ. "ಹಾಗಾದರೆ ನಾನೇ ಕುಡಿಯುತ್ತೇನೆ" ಎಂದು ಲೋಟ ಎತ್ತಿದರು. ಕೈಯಲ್ಲಿ ಎಣ್ಣೆ ಹಾಳೆ ಹಿಡಿದಿದ್ದ ಇನಾಮದಾರ ಮೇಡಂ ಓಡಿಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಪರಮ ಪೋಷಕರ ಮುಖ ಹುಳ್ಳಗಾಯಿತು. ಲೋಟ ಕೆಳಗಿಟ್ಟರು.

"ಇಂದು ನನಗೆ ಉಪವಾಸ" ಎಂದರು, ಎರಡನೆಯ ಮಿರ್ಚಿ ಇನ್ನೂ ದವಡೆಯಲ್ಲಿರುವಾಗಲೇ.

ಅಂದು ಸಂಜೆಯೇ ಟಾಕಿಗೆ ಬೀಗ ಬಿತ್ತು, ದುರಸ್ತಿಗೆಂದು. ನಾಲ್ಕನೇ ವಾರ್ಡಿಗೂ ಹಳೇ ಬಾವಿಯ ನೀರು ಮತ್ತೆ ಬಂತು.

ಸೋಮವಾರ ನಸುಕಿನಲ್ಲೇ ಪಂಚಾಕ್ಷರಿ ಹೆಂಡತಿಗೆ ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆಯೆಂದು ತೋರಿಸಿ, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದ. ಸಂಜೆ ನಾಲ್ಕು ಗಂಟೆಯವರೆಗೂ ಯಾರೂ ಕರೆಯಲಿಲ್ಲ. ಆಮೇಲೆ ಮೇಡಂ ತಾವೇ ನಿಯಂತ್ರಣ ಕೊಠಡಿಗೆ ಬಂದು ಅವನ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಒಂಬತ್ತು ವರ್ಷದ ಹಿಂದಿನ ಪರೀಕ್ಷಾ ಪತ್ರ.

"ಇದು ನಿಮ್ಮ ಸಹಿ ಹೌದಲ್ಲೋ?"

"ಹೌದ್ರಿ." ಅವನು ಚೀಲ ಕೈಗೆತ್ತಿಕೊಂಡ. "ತಪ್ಪು ನಂದೇ ಐತ್ರಿ. ತಲಿಗೆ ಹಚ್ಚಿದ ಎಣ್ಣಿ, ತಣ್ಣಗಿತ್ತು."

"ಕೆಳಗ ನೋಡರಿ."

ಅವನ ಸಹಿಯ ಕೆಳಗೆ, ಆಗ ರಾಜಧಾನಿಯಲ್ಲಿದ್ದ ಮೇಡಂ ಸಹಿ ಇತ್ತು. ಅದರ ಕೆಳಗೆ ಆಯುಕ್ತರದು, ಅದರ ಕೆಳಗೆ ಮಂತ್ರಿಗಳದು. ಎಲ್ಲಕ್ಕಿಂತ ಕೆಳಗೆ ಹಸಿರು ಶಾಯಿಯಲ್ಲಿ, 'ಸ್ವತಃ ಪರಿಶೀಲಿಸಿದ್ದೇನೆ' ಎಂಬ ಷರಾದೊಂದಿಗೆ, ಪರಮ ಪೋಷಕರದು.

"ಯಾರೂ ಓದಿಲ್ಲ. ನಾನೂ ಓದಿಲ್ಲ" ಎಂದರು ಮೇಡಂ. "ಈಗ ಶಾಯಿ ಕೆಟ್ಟದ ಅಂದರ ನಿಮ್ಮಿಂದ ಹಿಡದು ಅವರ ತನಕಾ ಒಳಗ ಹೋಗಬೇಕಾಗ್ತದ. ಅದಕ್ಕ ಶಾಯಿ ಛಲೋ ಅದ. ತಿಳೀತಿಲ್ಲೋ?"

ಚೀಲವನ್ನು ಎಲ್ಲಿಡಬೇಕೆಂದು ಪಂಚಾಕ್ಷರಿಗೆ ತಿಳಿಯಲಿಲ್ಲ.

ಮೇಡಂ ಹೋಗಲಿಲ್ಲ. ಸುತ್ತಲಿನ ಮೇಜುಗಳಲ್ಲಿ ನೌಕರರು ದಿನದಂತೆ ನಾಲ್ಕು ಗಂಟೆಯ ಪೊಟ್ಟಣ ಬಿಚ್ಚುತ್ತಿದ್ದರು. ಅವರೆಲ್ಲ ಎರಡು ವರ್ಷದಿಂದ ಅದನ್ನು ಓದುತ್ತಿದ್ದರು, ತಾನೊಬ್ಬನೇ ಓದುತ್ತಿದ್ದೇನೆಂದು ಪ್ರತಿಯೊಬ್ಬನೂ ತಿಳಿದಿದ್ದ. ಫಕೀರವ್ವ ಈಗ ಅಂದಂದಿನ ಪೇಪರಿನಲ್ಲೇ ಕಟ್ಟತೊಡಗಿದ್ದಳು. ಮೇಡಂ ಪಕ್ಕದ ಮೇಜಿನಿಂದ ಒಂದು ಪೊಟ್ಟಣ ಎತ್ತಿಕೊಂಡು, ಮಿರ್ಚಿಯನ್ನು ಬದಿಗಿಟ್ಟು, ಹಾಳೆಯನ್ನು ಪಂಚಾಕ್ಷರಿಯ ಮುಂದೆ ಹಿಡಿದರು.

"ನಾ ಕನ್ನಡಕ ಮನ್ಯಾಗ ಬಿಟ್ಟು ಬಂದೀನಿ. ಏನು ಬರದಾನ ಆ ಮುದುಕ, ಓದರಿ."

ಬೆಳಿಗ್ಗೆ ಐದಕ್ಕೆ ಅವನೇ ಗೆರೆ ಹಾಕಿದ್ದ ಸುದ್ದಿ. ಟಾಕಿಗೆ ಬಣ್ಣ ಬಳಿದ ಗುತ್ತಿಗೆದಾರ ಯಾರ ಅಳಿಯ ಎಂಬುದು. ಪಂಚಾಕ್ಷರಿ ಗಂಟಲು ಸರಿಮಾಡಿಕೊಂಡ. ಒಂಬತ್ತು ವರ್ಷ ಅಳಿಸಿದವನಿಗೆ ಒಂದು ಸಾಲನ್ನೂ ಬಾಯಿಬಿಟ್ಟು ಓದಿ ಗೊತ್ತಿರಲಿಲ್ಲ. "ಸಿಂಗನಗಡಿ, ಸೋಮವಾರ" ಎಂದು ಪಿಸುಗುಟ್ಟಿದಂತೆ ಶುರುಮಾಡಿದ.

ಮೂಲೆಯ ಮೇಜಿನಲ್ಲಿ ಯಾರೋ ಅಳಿಸುವ ಯಂತ್ರವನ್ನು ಬಂದ್ ಮಾಡಿದರು.

"ಹೂಗಾರ ಸರ್, ಜೋರಾಗಿ ಓದ್ರಿ. ಇಲ್ಲಿ ತನಕ ಕೇಳಸವಲ್ದು."